ಓರಿನ್ ಹೆಸರು ಬರೆದ ಡಬ್ಬಿ

ಆರ್ಡಿಸ್ ಸಾಥರ್ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದಳು. ನಮ್ಮ ಊರು ಟೆನ್‌ಮೈಲ್‌ನಲ್ಲಿ ಮೂವತ್ತು ದಾಟಿದವರಲ್ಲಿ ಅರ್ಧ ಜನ ಒಂದಲ್ಲ ಒಂದು ದಿನ ಆಕೆಯ ಕೈಯಿಂದ ಬಡಿಸಿಕೊಂಡು ಉಂಡಿದ್ದಾರೆ. ಆದರೆ ಊರಿನವರು ಆಕೆಯ ಹೆಸರು ಎತ್ತುತ್ತಿದ್ದದ್ದು ಊಟದ ಮಾತು ಬಂದಾಗಲ್ಲ, ತೋಟಾಗಳ, ಅಂದರೆ ಬಂದೂಕಿನ ಗುಂಡುಗಳ ಮಾತು ಬಂದಾಗ. ಆಕೆಯ ಮನೆಯ ಹಿಂಬಾಗಿಲ ಪಕ್ಕ, ಬೂಟು ಬಿಚ್ಚುವ ಸಣ್ಣ ಕೋಣೆಯಲ್ಲಿ, ಆಕೆಯ ಅಪ್ಪ ಬೋಲ್ಟು ಹಾಕಿ ಕೂರಿಸಿದ ತೋಟಾ ಒತ್ತಿ ತುಂಬುವ ಹಸಿರು ಬಣ್ಣದ ಒಂದು ಪ್ರೆಸ್ಸು ಇತ್ತು. ಅಪ್ಪ ತೀರಿಕೊಂಡ ಮೇಲೆ ಅದರ ಹಿಡಿ ಆಕೆಯ ಕೈಗೆ ಬಂತು. ಗಂಡ ವೆಂಡೆಲ್‌ಗೆ ಬೇಟೆಯಲ್ಲಿ ಅಂಥ ಆಸಕ್ತಿ ಇರಲಿಲ್ಲ. ಅವನು ರೈಲ್ವೆಯಲ್ಲಿದ್ದ, ರಜೆ ಸಿಕ್ಕರೆ ಮೀನು ಹಿಡಿಯಲು ಹೋಗುತ್ತಿದ್ದ.

ಗುಂಡು ಹಾರಿದ ಮೇಲೆ ತೋಟಾದ ಹಿತ್ತಾಳೆ ಕೊಳವೆ ಮೊದಲಿನ ಹಾಗೆ ಇರುವುದಿಲ್ಲ. ಒಳಗಿನ ಬೆಂಕಿಗೆ ಉಬ್ಬಿ, ಯಾವ ರೈಫಲ್‌ನಲ್ಲಿ ಹಾರಿತೋ ಆ ರೈಫಲ್‌ನ ತೋಟಾ ಕೂರುವ ಗೂಡಿನ ಆಕಾರಕ್ಕೆ ಬಂದಿರುತ್ತದೆ. ಅದಕ್ಕೆ ಮತ್ತೆ ಮದ್ದು ತುಂಬಬೇಕೆಂದರೆ ಮೊದಲು ತೆಳ್ಳಗೆ ಜಿಡ್ಡು ಸವರಿ, ಉಕ್ಕಿನ ಅಚ್ಚಿನೊಳಗೆ ಒತ್ತಿ, ಕುಗ್ಗಿಸಬೇಕು. ಎಷ್ಟು ಕುಗ್ಗಿಸುತ್ತೀರಿ ಎನ್ನುವುದರಲ್ಲೇ ಎಲ್ಲ ಇದೆ. ಕಡಿಮೆಯಾದರೆ ರೈಫಲ್‌ನ ಬೋಲ್ಟು, ಅಂದರೆ ಗೂಡಿನ ಹಿಂಬದಿಯ ಅಗುಳಿ, ಮುಚ್ಚುವುದಿಲ್ಲ. ಹೆಚ್ಚಾದರೆ ಸಲೀಸಾಗಿ ಒಳಗೆ ಹೋಗುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕೊಳವೆ ಮೂತಿಯ ಕಡೆ ಕಿರಿದಾಗುವ ಹೆಗಲಿಗೂ ಗೂಡಿಗೂ ನಡುವೆ ಸಂದು ಉಳಿದು, ಗುಂಡು ಹಾರಿದಾಗಲೆಲ್ಲ ಬುಡದ ಹತ್ತಿರ ಹಿತ್ತಾಳೆ ಹಿಗ್ಗಿ ತೆಳುವಾಗುತ್ತಾ ಬರುತ್ತದೆ. ಹೊರಗಿನಿಂದ ಹೊಳೆಯುವ ಒಂದು ಸಣ್ಣ ಗೆರೆ ಬಿಟ್ಟರೆ ಏನೂ ಕಾಣುವುದಿಲ್ಲ. ನಾಲ್ಕೈದು ಸಲ ಹೀಗಾದರೆ ಒಂದು ದಿನ ಬುಡವೇ ಕಿತ್ತು ಬರುತ್ತದೆ, ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತದೆ.

ಆರ್ಡಿಸ್ ಎಲ್ಲರ ಕೊಳವೆಗಳನ್ನೂ ಒಂದೇ ಅಳತೆಗೆ ಒತ್ತುತ್ತಿರಲಿಲ್ಲ. ಯಾರ ರೈಫಲ್‌ಗೆ ಅಚ್ಚನ್ನು ಎಷ್ಟು ಇಳಿಸಬೇಕು ಎನ್ನುವುದನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಗೋಡೆಗೆ ಚುಚ್ಚಿದ್ದಳು. ಕೂದಲೆಳೆಯಷ್ಟು ಹೆಗಲು ಹಿಂದೆ ಹೋದರೆ ಸಾಕು, ಅದಕ್ಕಿಂತ ಹೆಚ್ಚು ಒಂದು ಎಳೆಯೂ ಬೇಡ ಎನ್ನುವುದು ಅಪ್ಪನಿಂದ ಕಲಿತ ಪಾಠ. ನಾವು ಐಸ್‌ಕ್ರೀಮ್ ಬಕೆಟ್ಟಿನ ಮೇಲೆ ಹೆಸರು ಬರೆದು ನಮ್ಮ ಖಾಲಿ ಕೊಳವೆಗಳನ್ನು ಆಕೆಯ ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದೆವು. ತುಂಬಿದ ತೋಟಾಗಳನ್ನು ಆಕೆ ಹೆಸರು ಬರೆದ ಡಬ್ಬಿಗಳಲ್ಲಿ ಹಿಂದಿರುಗಿಸುತ್ತಿದ್ದಳು, ದುಡ್ಡು ಮುಟ್ಟುತ್ತಿರಲಿಲ್ಲ. ಯಾರೋ ಸೌದೆ ಒಡೆದುಕೊಟ್ಟರು, ಯಾರೋ ಎಲ್ಕ್ ಎಂಬ ದೊಡ್ಡ ಜಿಂಕೆಯ ಮಾಂಸದ ಸಾಸೇಜು ತಂದುಕೊಟ್ಟರು. ನಾನು ಆ ರಸ್ತೆಯಲ್ಲಿ ಟಪಾಲು ಹಂಚುತ್ತಿದ್ದವನು, ಆಕೆಯ ಪಕ್ಕದ ಹೊಲದವನು. ನನ್ನ ಪಾಲಿಗೆ ಬಂದದ್ದು ಚಳಿಗಾಲದಲ್ಲಿ ಆಕೆಯ ಗೇಟಿನ ತನಕ ಹಿಮ ತೆಗೆಯುವ ಕೆಲಸ.

ವೆಂಡೆಲ್ ತೀರಿಕೊಂಡ ಮೇಲೆ ಆ ಮನೆಗೆ ತಪ್ಪದೆ ಬರುತ್ತಿದ್ದವನು ಡೆಲ್ಮರ್ ಕ್ವಾಮ್. ವೆಂಡೆಲ್‌ನ ಗೆಳೆಯ, ಮದುವೆಯಾಗದವನು, ಹೊಸದಾಗಿ ಬೇಟೆಗೆ ಇಳಿಯುವವರಿಗೆ ಮೂವತ್ತು ವರ್ಷದಿಂದ ಬಂದೂಕು ಹಿಡಿಯುವ ಜಾಗ್ರತೆ ಕಲಿಸುತ್ತಿದ್ದವನು. ಶನಿವಾರ ಬೆಳಿಗ್ಗೆ ಆರ್ಡಿಸ್ ಮನೆಯಲ್ಲಿ ಕಾಫಿ, ನವೆಂಬರ್‌ನಲ್ಲಿ ಇಬ್ಬರೂ ಸೇರಿ ಬೆಟ್ಟ ಹತ್ತುವುದು. ಅವರಿಬ್ಬರೂ ಮದುವೆಯಾಗುತ್ತಾರೆ ಎಂದು ಊರು ಕೆಲವು ವರ್ಷ ಕಾದಿತ್ತು, ಆಮೇಲೆ ಕಾಯುವುದನ್ನು ಬಿಟ್ಟಿತು.

ಡೆಲ್ಮರ್ ತಾನೂ ತೋಟಾ ತುಂಬುತ್ತಿದ್ದ. ಆದರೆ ಅವನಿಗೆ ತಾಳ್ಮೆ ಕಡಿಮೆ. ಯಾವ ಬಂದೂಕಿಗಾದರೂ ಹೋಗಲಿ ಎಂದು ಅಚ್ಚನ್ನು ಕೊನೆಯ ತನಕ ಇಳಿಸಿ ಒತ್ತಿಬಿಡುತ್ತಿದ್ದ. ಆರ್ಡಿಸ್‌ಳ ತಮ್ಮ ಓರಿನ್ ಇದಕ್ಕೆ ಅವನನ್ನು ಗೇಲಿ ಮಾಡದ ದಿನವಿಲ್ಲ. ಓರಿನ್ ಊರಿನಿಂದ ಒಂಬತ್ತು ಮೈಲಿ ಆಚೆ ದನ ಸಾಕಿಕೊಂಡಿದ್ದವನು, ನಾಲಿಗೆ ಸ್ವಲ್ಪ ಚೂಪು. ಒಂದು ಸಲ ಊರಿನ ರೈಫಲ್ ಕ್ಲಬ್ಬಿನ ಊಟದಲ್ಲಿ ಎಲ್ಲರೆದುರಿಗೆ ಹೇಳಿದ್ದ: "ಡೆಲ್ಮರ್, ನಿನ್ನ ತೋಟಾನ ನಾನು ಹಾರಿಸಲ್ಲ ಮಾರಾಯ. ಹಂದಿ ಕೊಟ್ಟಿಗೇಲಿ ಇಟ್ರೆ ಇಲಿಗಳಾದ್ರೂ ಹೆದರ್ತಾವೆ, ಅಷ್ಟಕ್ಕೆ ಸರಿ." ಡೆಲ್ಮರ್ ಎಲ್ಲರ ಜೊತೆ ನಕ್ಕಿದ್ದ.

ಆರ್ಡಿಸ್‌ಗೆ ಅರವತ್ತೇಳು ತುಂಬಿದ ವರ್ಷ, ಅಕ್ಟೋಬರ್‌ನಲ್ಲಿ, ಆಕೆ ಬಿಲ್ಲಿಂಗ್ಸ್ ನಗರದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಳು. ಎರಡು ವಾರ ಬಗ್ಗುವ ಹಾಗಿರಲಿಲ್ಲ, ಪ್ರೆಸ್ಸಿನ ಹಿಡಿ ಎಳೆಯುವಂತಿರಲಿಲ್ಲ. ತಿಂಗಳ ಕೊನೆಯ ಶನಿವಾರ ಓರಿನ್ ಅಪ್ಪನ ಹಳೆಯ ರೈಫಲ್ ತೆಗೆದುಕೊಂಡು, ಬೇಟೆಗೆ ಮುಂಚೆ ಒಮ್ಮೆ ಗುರಿ ನೋಡೋಣವೆಂದು ಹಿತ್ತಲ ದಿಬ್ಬಕ್ಕೆ ಹೋದ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿರಲಿಲ್ಲ. ಆರನೆಯ ಗುಂಡಿಗೆ ತೋಟಾದ ಬುಡ ಕಿತ್ತು, ಬೋಲ್ಟಿನ ಸಂದಿನಿಂದ ಬೆಂಕಿಯೂ ಹಿತ್ತಾಳೆಯ ಚೂರೂ ಹಿಂದಕ್ಕೆ ಹಾರಿದವು. ಅವನ ಬಲಗಣ್ಣು ಉಳಿಯಲಿಲ್ಲ.

ಅವನ ಹತ್ತಿರವಿದ್ದ ಡಬ್ಬಿಯ ಮುಚ್ಚಳದ ಮೇಲೆ ಆರ್ಡಿಸ್‌ಳ ಅಕ್ಷರದಲ್ಲಿ "ಓರಿನ್" ಎಂದು ಬರೆದಿತ್ತು.

ಆಸ್ಪತ್ರೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಿದವನಲ್ಲ. ಆರ್ಡಿಸ್ ಹೇಳಿದ್ದು, ಓರಿನ್‌ನ ಹೆಂಡತಿ ಜೊಲೀನ್ ಹೇಳಿದ್ದು, ಎರಡೂ ಒಂದೇ ಆಗಿತ್ತು. ಆರ್ಡಿಸ್ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಬಂದಿದ್ದಳು. ಆ ಡಬ್ಬಿ ನಾನು ಕಳಿಸಿದ್ದಲ್ಲ, ಈ ವರ್ಷ ನಾನು ನಿನಗೆ ಇನ್ನೂ ತುಂಬಿಯೇ ಇಲ್ಲ ಎಂದು ತಮ್ಮನಿಗೆ ಹೇಳುತ್ತಿದ್ದಳು. ಆಗ ಬಾಗಿಲ ಹತ್ತಿರ ನಿಂತಿದ್ದ ಡೆಲ್ಮರ್ ಮೆಲ್ಲಗೆ ಹೇಳಿದ: "ಆರ್ಡಿಸ್, ನೀನೇ ಕೊಟ್ಟೆಯಲ್ಲ. ಬಿಲ್ಲಿಂಗ್ಸ್‌ಗೆ ಹೊರಡೋ ಹಿಂದಿನ ದಿನ. ಅಡುಗೆಮನೆ ಬಾಗಿಲಲ್ಲಿ ನನ್ನ ಕೈಗೆ ಇಟ್ಟು, ಓರಿನ್‌ಗೆ ತಲುಪಿಸು ಅಂದೆ. ನೆನಪಿಲ್ವಾ?"

ಆರ್ಡಿಸ್‌ಗೆ ನೆನಪಿರಲಿಲ್ಲ. ಆಕೆಯ ತಾಯಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಮರೆವು ಶುರುವಾಗಿ, ಕೊನೆಯ ನಾಲ್ಕು ವರ್ಷ ಮಗಳನ್ನೇ ಗುರುತು ಹಿಡಿಯುತ್ತಿರಲಿಲ್ಲ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಓರಿನ್ ಹಾಸಿಗೆಯಿಂದಲೇ ಕೂಗಾಡಿದ. ಆಕೆ ಕುರ್ಚಿಯಲ್ಲಿ ಕುಳಿತಳು. ಹಾಗಾದರೆ ನಾನೇ ಕೊಟ್ಟಿರಬೇಕು ಎಂದಳು.

ರೈಫಲ್ ನೋಡಿದ ರಿಪೇರಿಯವನು, ಬಂದೂಕಿನಲ್ಲಿ ತಪ್ಪಿಲ್ಲ, ಕೊಳವೆಯನ್ನು ವಿಪರೀತ ಕುಗ್ಗಿಸಿ ಕುಗ್ಗಿಸಿ ಬುಡ ಸವೆಸಿದ್ದಾರೆ ಎಂದ. ಊರಿಗೆ ಅಷ್ಟು ಸಾಕಾಯಿತು. ಯಾರೂ ಆರ್ಡಿಸ್‌ಳ ಎದುರಿಗೆ ಏನೂ ಅನ್ನಲಿಲ್ಲ. ಬಕೆಟ್ಟುಗಳು ಮಾತ್ರ ಒಂದೊಂದಾಗಿ ಮೆಟ್ಟಿಲಿನಿಂದ ಕಾಣೆಯಾದವು. ನನ್ನದೂ ಹೋಯಿತು. ಒಂದು ಮಧ್ಯಾಹ್ನ ಆಕೆ ಇಗರ್ಜಿಗೆ ಹೋಗಿದ್ದಾಗ ನಾನೇ ಹೋಗಿ ಎತ್ತಿಕೊಂಡು ಬಂದೆ. ಆಕೆ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡೇ ಹೋದದ್ದು. ಅದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಆ ಚಳಿಗಾಲದಲ್ಲಿ ಆಕೆ ಬಹಳ ಇಳಿದುಹೋದಳು. ದೇಹಕ್ಕೆ ಏನೂ ಆಗಿರಲಿಲ್ಲ. ತನ್ನ ತಲೆಯನ್ನೇ ನಂಬುವುದನ್ನು ಬಿಟ್ಟಿದ್ದಳು. ಒಲೆ ಆರಿಸಿದೆನೋ ಇಲ್ಲವೋ ಎಂದು ಗೇಟಿನಿಂದ ಮೂರು ಸಲ ಹಿಂದಿರುಗಿ ಹೋಗುವುದನ್ನು ನಾನು ಟಪಾಲು ಗಾಡಿಯಿಂದ ನೋಡಿದ್ದೇನೆ. ಇಗರ್ಜಿಯ ಅಡುಗೆಯ ಜವಾಬ್ದಾರಿ ಬಿಟ್ಟುಕೊಟ್ಟಳು. ಹೆದ್ದಾರಿಯಲ್ಲಿ ಕಾರು ಓಡಿಸುವುದು ನಿಲ್ಲಿಸಿದಳು. ಡೆಲ್ಮರ್ ಅಂಗಡಿಗೆ ಕರೆದೊಯ್ಯುತ್ತಿದ್ದ, ಔಷಧಿ ತಂದುಕೊಡುತ್ತಿದ್ದ. ಒಲೆಯ ಮೇಲೆ, ಬಾಗಿಲ ಮೇಲೆ, ನಲ್ಲಿಯ ಮೇಲೆ "ಆರಿಸು", "ಬೀಗ", "ನಿಲ್ಲಿಸು" ಎಂದು ದೊಡ್ಡ ಅಕ್ಷರದ ಚೀಟಿಗಳನ್ನು ಬರೆದು ಅಂಟಿಸಿದವನೂ ಅವನೇ. ಕಣ್ಣೆದುರಿಗೆ ಇದ್ದರೆ ನಿನಗೆ ಹಿಂಸೆ ಎಂದು ಹೇಳಿ ಅಪ್ಪನ ಪ್ರೆಸ್ಸನ್ನು ಬಿಚ್ಚಿ ತನ್ನ ಶೆಡ್ಡಿಗೆ ಸಾಗಿಸಿದ. ಇಂಥ ಗೆಳೆಯ ಸಿಗುವುದು ಪುಣ್ಯ ಎಂದು ಊರೆಲ್ಲ ಹೇಳಿತು. ಆರ್ಡಿಸ್ ಕೂಡ ಹಾಗೇ ಹೇಳುತ್ತಿದ್ದಳು.

ಓರಿನ್ ಒಂಬತ್ತು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟಿದ್ದ. ಮರುವರ್ಷ ಜುಲೈನಲ್ಲಿ ಒಂದು ದಿನ ತಾನೇ ಬಂದ, ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತ. ಹಳೆಯದನ್ನು ಬಿಟ್ಟುಬಿಡೋಣ ಎಂದ. ಆರ್ಡಿಸ್ ತಮ್ಮನನ್ನು ತಬ್ಬಿಕೊಂಡು ಅತ್ತಳು. ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ ಎಂದು ನನಗೂ ಹೇಳಿದಳು, ಬೇಲಿಯ ಹತ್ತಿರ ನಿಂತು, ಎಷ್ಟೋ ತಿಂಗಳ ಮೇಲೆ ನಗುತ್ತಾ. ಆ ಸೆಪ್ಟೆಂಬರ್‌ನಲ್ಲಿ ಮರೆವಿನ ಪರೀಕ್ಷೆಗೆ ಬಿಲ್ಲಿಂಗ್ಸ್‌ಗೆ ಕರೆದುಕೊಂಡು ಹೋದವನೂ ಓರಿನ್. ಡಾಕ್ಟರು ಗಡಿಯಾರದ ಚಿತ್ರ ಬರೆಸಿದರು, ಐದು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, ನೂರರಿಂದ ಏಳೇಳು ಕಳೆಯಿಸಿದರು. ಎಲ್ಲ ಸರಿಯಾಗಿದೆ, ನಿಮ್ಮ ವಯಸ್ಸಿಗೆ ಚೆನ್ನಾಗಿಯೇ ಇದ್ದೀರಿ ಎಂದರು. ಆಕೆ ನಂಬಲಿಲ್ಲ. ಶುರುವಿನಲ್ಲಿ ಅಮ್ಮನಿಗೂ ಹೀಗೇ ಹೇಳಿದ್ದರಂತೆ.

ಹೀಗೆ ಮೂರು ಚಳಿಗಾಲ ಕಳೆದವು.

ಮೂರನೆಯದರ ಕೊನೆಗೆ, ಮಾರ್ಚ್‌ನ ಒಂದು ಬೆಳಿಗ್ಗೆ, ಜೊಲೀನ್ ಒಬ್ಬಳೇ ಬಂದಳು. ಕಾಗದದ ಚೀಲವೊಂದನ್ನು ಮೇಜಿನ ಮೇಲಿಟ್ಟಳು. ನಮ್ಮ ಶೆಡ್ಡು ಸ್ವಚ್ಛ ಮಾಡುತ್ತಿದ್ದೆ, ಇದು ಸಿಕ್ಕಿತು ಎಂದಳು. ಕೋಟು ಬಿಚ್ಚಲಿಲ್ಲ, ಕಾಫಿ ಬೇಡವೆಂದಳು. ಹೊರಡುವಾಗ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು ಹೇಳಿದಳಂತೆ: "ಆರ್ಡಿಸ್, ಅದನ್ನ ಎಸೀಬೇಡ. ಬೆಳಕಲ್ಲಿಟ್ಟು ನೋಡು. ನಿನ್ನ ಕಣ್ಣು ಈಗ ಚೆನ್ನಾಗಿದ್ಯಲ್ಲ."

ಚೀಲದಲ್ಲಿ ಇದ್ದದ್ದು ಆ ಡಬ್ಬಿ. ಇಪ್ಪತ್ತರಲ್ಲಿ ಹದಿನಾಲ್ಕು ತೋಟಾ ಹಾಗೇ ಉಳಿದಿದ್ದವು. ಆಸ್ಪತ್ರೆಯಲ್ಲಾಗಲಿ ಆಮೇಲಾಗಲಿ ಯಾರೂ ಅದನ್ನು ಆರ್ಡಿಸ್‌ಳ ಕೈಗೆ ಕೊಟ್ಟಿರಲಿಲ್ಲ. ತಾನಾಗಿ ಕೇಳುವ ಧೈರ್ಯ ಆಕೆಗೂ ಇರಲಿಲ್ಲ.

ಆಕೆ ಕಿಟಕಿಯ ಹತ್ತಿರ ಕುಳಿತು ಮುಚ್ಚಳ ತೆಗೆದಳು. ತೋಟಾಗಳು ಬುಡ ಮೇಲಾಗಿ ನಿಂತಿದ್ದವು. ಪ್ರತಿ ಬುಡದ ನಡುವೆ ಇರುವ, ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಕೇಪು ಹಿತ್ತಾಳೆಯ ಬಣ್ಣದ್ದಾಗಿತ್ತು. ಆರ್ಡಿಸ್ ನಲವತ್ತು ವರ್ಷದಿಂದ ಬೆಳ್ಳಿ ಬಣ್ಣದ ಕೇಪು ಬಿಟ್ಟು ಬೇರೆ ಮುಟ್ಟಿದವಳಲ್ಲ. ಇದನ್ನೂ ನಾನೇ ಮರೆತು ಕೊಂಡಿದ್ದೆನೇ ಎಂದು ಮೊದಲು ಅನ್ನಿಸಿತಂತೆ. ಅಷ್ಟರ ಮಟ್ಟಿಗೆ ಆಕೆಯ ಮೇಲೆ ಆಕೆಗೆ ನಂಬಿಕೆ ಹೋಗಿತ್ತು.

ಗುಂಡು ಕೀಳುವ ಪ್ಲಾಸ್ಟಿಕ್ ಸುತ್ತಿಗೆಯೊಂದು ಮನೆಯಲ್ಲೇ ಉಳಿದಿತ್ತು. ಒಂದು ತೋಟಾವನ್ನು ಅದರಲ್ಲಿ ಸಿಕ್ಕಿಸಿ ಕಟ್ಟಿಗೆಯ ಮೇಲೆ ಕುಟ್ಟಿದಳು. ಗುಂಡು ಸಡಿಲವಾಯಿತು, ಮದ್ದನ್ನು ತಟ್ಟೆಗೆ ಸುರಿದಳು. ಆಕೆ ಬಳಸುತ್ತಿದ್ದ ಮದ್ದು ಪೆನ್ಸಿಲ್ಲಿನ ಕಡ್ಡಿಯನ್ನು ಸಣ್ಣಗೆ ಕತ್ತರಿಸಿದ ಹಾಗೆ ಇರುತ್ತಿತ್ತು. ತಟ್ಟೆಗೆ ಬಿದ್ದದ್ದು ಗಸಗಸೆಯಂತೆ ದುಂಡಗಿತ್ತು. ಅಂಥ ಮದ್ದು ಆ ಮನೆಗೆ ಯಾವತ್ತೂ ಬಂದಿರಲಿಲ್ಲ. ಅಪ್ಪನಿಗೂ ಅದು ಸೇರುತ್ತಿರಲಿಲ್ಲ.

ಆಮೇಲೆ ಖಾಲಿ ಕೊಳವೆಯನ್ನು ಅಳತೆಯ ಗೇಜಿನೊಳಗೆ ಬಿಟ್ಟಳು. ಅಂಚಿಗೆ ಸಮನಾಗಿ ನಿಲ್ಲಬೇಕಾದದ್ದು ಒಳಗೆ ಕುಸಿದು ಕೂತಿತು. ಒಂದು ತಂತಿಯ ತುದಿಯನ್ನು ಬಗ್ಗಿಸಿ ಕೊಳವೆಯೊಳಗೆ ಇಳಿಸಿ, ಬುಡದಿಂದ ಮೇಲಕ್ಕೆ ಗೋಡೆಗೆ ತಾಗಿಸಿ ಎಳೆದಳು. ಬುಡದಿಂದ ಕಾಲು ಅಂಗುಲ ಮೇಲೆ ತಂತಿ ಗೀರಿನೊಳಗೆ ಬಿದ್ದು ನಿಂತಿತು. ಎರಡನೆಯದರಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಹದಿನಾಲ್ಕನ್ನೂ ಬಿಚ್ಚಿ ನೋಡಿದಳು. ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಆಗ ಎಲ್ಲ ಒಂದರ ಹಿಂದೆ ಒಂದು ನೆನಪಾಯಿತು. ಓರಿನ್‌ನ ಕಣ್ಣು ಹೋದ ವರ್ಷ ಜೂನ್‌ನಲ್ಲಿ ಡೆಲ್ಮರ್ ಆಕೆಯ ಅಚ್ಚನ್ನು ಎರವಲು ಒಯ್ದದ್ದು, ಅದರ ಜೊತೆ ಖಾಲಿ ಡಬ್ಬಿಗಳ ಒಂದು ಕಟ್ಟನ್ನೂ ಕೇಳಿ ತೆಗೆದುಕೊಂಡದ್ದು, ಅದರಲ್ಲಿ ಹಿಂದಿನ ವರ್ಷದ ಓರಿನ್‌ನ ಡಬ್ಬಿ ಇದ್ದದ್ದು. ಯಾವುದನ್ನೂ ಆಕೆ ಮರೆತಿರಲಿಲ್ಲ. ಕೇಳುವವರಿಲ್ಲದೆ ಒಳಗೆ ಬಿದ್ದಿದ್ದವು ಅಷ್ಟೆ.

ಎರಡೂವರೆ ವರ್ಷದಿಂದ ಅಂಚೆ ಕಚೇರಿಯ ಆಚೆಗೆ ಕಾರು ಓಡಿಸದವಳು ಅವತ್ತು ಹೆದ್ದಾರಿಯಲ್ಲಿ ಹನ್ನೊಂದು ಮೈಲಿ ಹೋದಳು. ರಸ್ತೆಯ ಅಂಚಿನಲ್ಲಿ ಇನ್ನೂ ಹಿಮವಿತ್ತು. ಟಪಾಲು ಮುಗಿಸಿ ಬರುತ್ತಿದ್ದ ನನಗೆ ಆಕೆಯ ಕಾರು ಎದುರಾಯಿತು. ಕೈ ಎತ್ತಿದೆ. ಆಕೆ ನೋಡಲಿಲ್ಲ.

ಡೆಲ್ಮರ್ ಶೆಡ್ಡಿನ ಎದುರು ಬೇಲಿಯ ಗೂಟ ಚೂಪು ಮಾಡುತ್ತಿದ್ದ. ಆರ್ಡಿಸ್ ಕಾರಿನಿಂದ ಇಳಿದು ಡಬ್ಬಿಯನ್ನು ಕಟ್ಟಿಗೆಯ ಮೇಲಿಟ್ಟಳು.

"ಡೆಲ್ಮರ್, ಇದನ್ನ ನಾನು ನಿನ್ನ ಕೈಗೆ ಯಾವತ್ತು ಕೊಟ್ಟೆ?"

ಅವನು ಡಬ್ಬಿ ನೋಡಿದ, ರಸ್ತೆ ನೋಡಿದ, ಕೊಡಲಿಯನ್ನು ಕೆಳಗಿಟ್ಟ.

"ಕೊಡ್ಲಿಲ್ಲ," ಎಂದ.

ಆಮೇಲೆ ಅವನಾಗಿಯೇ ಹೇಳಿದ. ಓರಿನ್ ಎಲ್ಲರೆದುರಿಗೆ ಆಡಿಕೊಳ್ಳುತ್ತಿದ್ದದ್ದು ಅವನ ಮನಸ್ಸಿನಲ್ಲಿ ಕೊರೆಯುತ್ತಿತ್ತಂತೆ. ತನ್ನ ತೋಟಾಗಳನ್ನು ಆರ್ಡಿಸ್‌ಳ ಡಬ್ಬಿಯಲ್ಲಿಟ್ಟು, ಆಕೆ ಕಳಿಸಿದ್ದು ಎಂದು ಓರಿನ್‌ಗೆ ಕೊಟ್ಟ. ಅವನು ಎಲ್ಕ್ ಹೊಡೆದು ತಂದ ಮೇಲೆ ಕ್ಲಬ್ಬಿನಲ್ಲಿ ಎಲ್ಲರ ಮುಂದೆ ನಿಜ ಹೇಳಿ ನಗಬೇಕು ಎಂದುಕೊಂಡಿದ್ದ. ಕೊಳವೆಗಳು ಅಲ್ಲಿ ಇಲ್ಲಿ ಹೆಕ್ಕಿದವು, ಎಷ್ಟು ಸಲ ಹಾರಿದ್ದವೋ ಅವನಿಗೂ ಗೊತ್ತಿರಲಿಲ್ಲ.

"ಮತ್ತೆ ಆಸ್ಪತ್ರೇಲಿ ನಾನೇ ಕೊಟ್ಟೆ ಅಂದ್ಯಲ್ಲ."

"ಏನಾದ್ರೂ ಹೇಳ್ಬೇಕಿತ್ತು ಆರ್ಡಿಸ್. ಡಾಕ್ಟರು ಆಗ ತಾನೇ ಕಣ್ಣು ಹೋಯ್ತು ಅಂದಿದ್ರು. ಮೂವತ್ತು ವರ್ಷ ಜನಕ್ಕೆ ಜಾಗ್ರತೆ ಹೇಳ್ಕೊಟ್ಟೋನು ನಾನು. ಬಾಯಿಗೆ ಬಂದದ್ದು ಅದು."

"ಬಾಯಿಗೆ ಬಂದದ್ದು ಒಂದು ದಿನದ್ದು. ಆಮೇಲೆ?"

"ದಿನಾ ಹೇಳೋಣ ಅಂತ್ಲೇ ಬರ್ತಿದ್ದೆ. ನೀನು ಅಷ್ಟು ಸೊರಗಿ ಹೋದೆ ನೋಡು, ಹೇಳಿದ್ರೆ ಇನ್ನೂ ನೋವಾಗುತ್ತೆ ಅನ್ನಿಸ್ತು. ನಿನಗೆ ಏನು ಬೇಕೋ ಎಲ್ಲ ಮಾಡ್ದೆ. ಒಂದು ದಿನಾನೂ ತಪ್ಪಿಸ್ಲಿಲ್ಲ."

"ಒಲೆ ಮೇಲೆ ಚೀಟಿ ಅಂಟಿಸ್ದೆ," ಎಂದಳು ಆರ್ಡಿಸ್. "ನನ್ನ ತಲೆ ಸರಿಯಾಗಿದೆ ಅಂತ ಗೊತ್ತಿದ್ದೋನು ನೀನೊಬ್ಬನೇ. ನೀನೇ ಅಂಟಿಸ್ದೆ."

ಅವನು ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ತನ್ನ ತಪ್ಪು ಸ್ವಲ್ಪ ಹಗುರವಾಗಲಿ ಎಂದು ಇನ್ನೊಂದು ಮಾತು ಸೇರಿಸಿದ: "ಓರಿನ್‌ಗೆ ಆಗಲೇ ಹೇಳ್ಬಿಟ್ಟಿದೀನಿ. ಕಣ್ಣು ಹೋದ ಮರುವರ್ಷ ಜೂನ್‌ನಲ್ಲೇ. ಅವನ ಕಾಲು ಹಿಡಿದು ಅತ್ತೆ. ಆಗಿದ್ದು ಆಯ್ತು ಬಿಡು ಅಂದ."

ಆರ್ಡಿಸ್ ಡಬ್ಬಿಯನ್ನು ಮತ್ತೆ ಕೈಗೆ ತೆಗೆದುಕೊಂಡಳಂತೆ. ನಂತರ, ಪ್ರೆಸ್ಸು ಎಲ್ಲಿದೆ ಎಂದು ಕೇಳಿದಳು. ಅವನು ಬಿಚ್ಚಿಕೊಡುತ್ತೇನೆ ಎಂದು ಮುಂದೆ ಬಂದ. ಆಕೆ ಕಾರಿನಿಂದ ತನ್ನದೇ ಸ್ಪ್ಯಾನರ್ ತಂದು ನಾಲ್ಕೂ ಬೋಲ್ಟು ಬಿಚ್ಚಿ, ಆ ಭಾರವನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಆನಿಸಿಕೊಂಡು ಹೊತ್ತು ತಂದು ಹಿಂದಿನ ಸೀಟಿನಲ್ಲಿ ಇಟ್ಟಳು. ಅವನು ಬಾಗಿಲು ತೆರೆದು ಹಿಡಿಯಲು ಹೋದ. ಮುಟ್ಟಬೇಡ ಎಂದಳು.

ಅಲ್ಲಿಂದ ನೇರ ಓರಿನ್ ಮನೆಗೆ. ಕರು ಹಾಕುವ ಕಾಲ, ಅವನು ಕೊಟ್ಟಿಗೆಯಲ್ಲಿದ್ದ. ಜೊಲೀನ್ ಕೊಟ್ಟಿಗೆಯ ಬಾಗಿಲ ತನಕ ಬಂದು ಅಲ್ಲೇ ನಿಂತಳು.

ಗೊತ್ತಿತ್ತಾ ಎಂದು ಆರ್ಡಿಸ್ ಕೇಳಿದಳು. ಓರಿನ್ ಹೆಂಡತಿಯ ಕಡೆ ನೋಡಿದ. ಜೊಲೀನ್, ಹೌದು, ಡಬ್ಬಿ ಕೊಟ್ಟದ್ದು ನಾನೇ ಎಂದಳು. ಹೆಂಡತಿಯ ಮೇಲೆ ಅವನಿಗೆ ಸಿಟ್ಟು ಬಂದಿತ್ತು, ಆದರೆ ಆ ಹೊತ್ತು ಅದನ್ನು ತೋರಿಸುವ ಹಾಗಿರಲಿಲ್ಲ. ಕಾರಣಗಳನ್ನು ಹೇಳಿದ. ಕಣ್ಣು ಹೋದ ಮೇಲೆ ಎರಡು ಹುಲ್ಲು ಕಟಾವನ್ನು ಡೆಲ್ಮರ್ ಒಬ್ಬನೇ ಮಾಡಿಕೊಟ್ಟ, ದನಗಳಿಗೆ ಮೇವು ಹಾಕಿದ, ಅವನಿಲ್ಲದಿದ್ದರೆ ಈ ಜಾಗವನ್ನೇ ಮಾರಬೇಕಾಗುತ್ತಿತ್ತು. ಊರಲ್ಲಿ ಹೇಳಿ ಅವನ ಮಾನ ತೆಗೆದಿದ್ದರೆ ಅವನು ಮತ್ತೆ ಈ ಕಡೆ ಬರುತ್ತಿದ್ದನೇ? ಅಕ್ಕನಂತೂ ತೋಟಾ ತುಂಬುವ ಕೆಲಸವನ್ನು ಆಗಲೇ ಬಿಟ್ಟಿದ್ದಳು.

"ಕಣ್ಣು ಹೋಗಿದ್ದು ನಂದು," ಎಂದ ಕೊನೆಗೆ. "ನಿಂದೇನು ಹೋಯ್ತು ಆರ್ಡಿಸ್? ಒಂದು ಹಳೇ ಪ್ರೆಸ್ಸು."

"ಜುಲೈನಲ್ಲಿ ಬಂದು ಹಳೇದು ಬಿಟ್ಬಿಡೋಣ ಅಂದೆ. ನಾನು ನಿನ್ನ ತಬ್ಬಿಕೊಂಡು ಥ್ಯಾಂಕ್ಸ್ ಹೇಳ್ದೆ ಓರಿನ್. ನೀನು ಅದನ್ನ ಇಸ್ಕೊಂಡೆ."

ಓರಿನ್ ನೆಲದ ಹುಲ್ಲನ್ನು ಕಾಲಿನಿಂದ ಒಟ್ಟು ಮಾಡಿದ.

"ಸೆಪ್ಟೆಂಬರ್‌ನಲ್ಲಿ ಬಿಲ್ಲಿಂಗ್ಸ್‌ಗೆ ಕರ್ಕೊಂಡು ಹೋದೆ. ಅಮ್ಮನ ಹಾಗೆ ಆಗ್ತಿದೀನಿ ಅಂತ ನಾನು ದಾರಿಯುದ್ದಕ್ಕೂ ಅಳ್ತಿದ್ದೆ. ಮೂರು ಗಂಟೆ ದಾರಿ. ಆಗಲೂ ನಿನಗೆ ಗೊತ್ತಿತ್ತು."

"ಹೇಳ್ಬೇಕು ಅಂತಿದ್ದೆ," ಎಂದ ಓರಿನ್. "ಆಸ್ಪತ್ರೇಲಿ ನಿನ್ನ ಮೇಲೆ ಹಂಗೆ ಕೂಗಾಡ್ಬಿಟ್ಟಿದ್ದೆ. ಹೇಳಿದ್ರೆ ಅದಕ್ಕೆಲ್ಲ ನಿನ್ನ ಹತ್ರ ತಪ್ಪಾಯ್ತು ಅನ್ಬೇಕಾಗಿತ್ತು. ಆಗ್ಲಿಲ್ಲ."

ಅವನು ಆವತ್ತು ಆಡಿದ ಮಾತುಗಳಲ್ಲಿ ಅದೊಂದೇ ನಿಜವಾದದ್ದು ಎಂದು ಆರ್ಡಿಸ್ ಆಮೇಲೆ ನನ್ನ ಹತ್ತಿರ ಹೇಳಿದಳು.

ಏಪ್ರಿಲ್‌ನಲ್ಲಿ ರೈಫಲ್ ಕ್ಲಬ್ಬಿನ ಸಭೆ. ನಾವು ಇಪ್ಪತ್ತೆರಡು ಜನ ಇದ್ದೆವು. ಡೆಲ್ಮರ್ ಬಂದಿರಲಿಲ್ಲ. ಬೆನ್ನು ನೋವು, ಈ ವರ್ಷದಿಂದ ಪಾಠ ಹೇಳುವುದಿಲ್ಲ ಎಂದು ಚೀಟಿ ಕಳಿಸಿದ್ದ. ಆರ್ಡಿಸ್ ಮೂರು ವರ್ಷದಲ್ಲಿ ಮೊದಲ ಸಲ ಬಂದಳು, ಹಸಿರು ಕೋಟು ಹಾಕಿಕೊಂಡು. ಸರದಿ ಬಂದಾಗ ಎದ್ದು ನಿಂತು, ಉದ್ದಕ್ಕೆ ಗರಗಸದಿಂದ ಸೀಳಿದ ಮೂರು ಕೊಳವೆಗಳನ್ನು ಬಿಳಿ ಕಾಗದದ ಮೇಲಿಟ್ಟಳು. ಒಳಗಿನ ಗೀರು ಬರಿಗಣ್ಣಿಗೇ ಕಾಣುತ್ತಿತ್ತು. ಹಿತ್ತಾಳೆ ಅಲ್ಲಿ ಕಾಗದದಷ್ಟು ತೆಳುವಾಗಿತ್ತು. ಇವು ಓರಿನ್‌ನ ಡಬ್ಬಿಯಲ್ಲಿದ್ದವು, ಒತ್ತಿದ್ದು ತುಂಬಿದ್ದು ಡೆಲ್ಮರ್, ಕೊಟ್ಟದ್ದು ನನ್ನ ಹೆಸರಿನಲ್ಲಿ, ಓರಿನ್‌ಗೆ ಇದು ಒಂದು ವರ್ಷ ಹತ್ತು ತಿಂಗಳಿಂದ ಗೊತ್ತಿದೆ, ನನಗೆ ಈ ಮಾರ್ಚ್‌ನಲ್ಲಿ ಗೊತ್ತಾಯಿತು ಎಂದಳು. ಇಷ್ಟೇ. ಧ್ವನಿ ಏರಿಸಲಿಲ್ಲ. ಶಾಲೆಯಲ್ಲಿ ನಾಳೆಯ ಊಟ ಏನೆಂದು ಹೇಳುತ್ತಿದ್ದಳಲ್ಲ, ಹಾಗೆ.

ಕೊಳವೆಗಳು ಕೈಯಿಂದ ಕೈಗೆ ಹೋದವು. ಯಾರೋ ಗೀರಿನ ಜಾಗದಲ್ಲಿ ಹಿತ್ತಾಳೆಯ ದಪ್ಪ ಎಷ್ಟೆಂದು ಕೇಳಿದರು, ಹೇಳಿದಳು. ಇನ್ನೊಬ್ಬ, ಮುಗಿದುಹೋದ ಕತೆ, ಈಗ ಯಾಕೆ ಎಂದು ಗೊಣಗಿದ. ಓರಿನ್ ಹಿಂದಿನ ಸಾಲಿನಲ್ಲಿದ್ದವನು ಎದ್ದು ಹೊರಗೆ ಹೋದ. ನಾನು ಏನಾದರೂ ಹೇಳಬೇಕಿತ್ತು. ಮಡಿಲಲ್ಲಿದ್ದ ಟೊಪ್ಪಿಯನ್ನು ತಿರುಗಿಸುತ್ತಾ ಕೂತೆ.

ಆಮೇಲೆ ಊರು ಎರಡಾಯಿತು, ಆದರೆ ಬಹಳ ದಿನ ಅಲ್ಲ. ಡೆಲ್ಮರ್ ಅಂಗಡಿಗೆ ಬಂದರೆ ಕೆಲವರು ಮಾತಾಡಿಸುತ್ತಾರೆ, ಕೆಲವರು ಇಲ್ಲ. ಓರಿನ್ ಬೇಸಿಗೆಯಲ್ಲಿ ಎರಡು ಸಲ ಅಕ್ಕನ ಮನೆಯ ಗೇಟಿನ ತನಕ ಬಂದ. ಮೊದಲ ಸಲ ಆಕೆ ಹೊರಗೆ ಬರಲಿಲ್ಲ. ಎರಡನೆಯ ಸಲ ಬಂದು, ಗೇಟಿನ ಈಚೆಗೇ ನಿಂತು ಮಾತಾಡಿದಳು, ದನಕರು ಹೇಗಿವೆ ಎಂದು ಕೇಳಿದಳು, ಒಳಗೆ ಕರೆಯಲಿಲ್ಲ. ಜೊಲೀನ್ ಮಾತ್ರ ವಾರಕ್ಕೊಮ್ಮೆ ಬರುತ್ತಾಳೆ. ಆಕೆಯೂ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವಳೇ, ಅದನ್ನು ಆರ್ಡಿಸ್ ಮರೆತಿಲ್ಲ. ಆದರೂ ಕಾಫಿ ಕೊಡುತ್ತಾಳೆ.

ಅವರನ್ನು ಕ್ಷಮಿಸಲು ಆಗುತ್ತದೆಯೇ ಎಂದು ನಾನೊಮ್ಮೆ ಕೇಳಿದೆ. ಕೇಳಬಾರದಿತ್ತು. ಆಕೆ ಬೇಲಿಯ ತಂತಿ ಹಿಡಿದುಕೊಂಡಳು. "ತೋಟಾದ ವಿಷಯ ಬಿಡು ರಾಯ್ಸ್, ಯಾರಿಗಾದ್ರೂ ಆಗ್ಬಹುದಿತ್ತು," ಎಂದಳು. "ಮೂರು ಚಳಿಗಾಲ ನನ್ನ ತಲೆನ ನಾನೇ ನಂಬ್ಲಿಲ್ಲ. ಈಗಲೂ ಒಲೆ ಆರಿಸಿ ಆಚೆ ಬಂದ್ರೆ ಒಂದು ಸಲ ವಾಪಸ್ ಹೋಗಿ ನೋಡ್ತೀನಿ. ಅವರು ಕ್ಷಮಿಸು ಅಂತಾರೆ. ಇದನ್ನ ಏನ್ಮಾಡ್ಲಿ, ಅದನ್ನ ಯಾರೂ ಹೇಳಲ್ಲ."

ಪ್ರೆಸ್ಸು ಈಗ ಹಳೆಯ ಜಾಗದಲ್ಲೇ ಇದೆ. ಆಗಸ್ಟ್ ಕೊನೆಗೆ ನಾನು ಧೈರ್ಯ ಮಾಡಿ ನನ್ನ ಬಕೆಟ್ಟು ಹಿಡಿದುಕೊಂಡು ಹೋದೆ, ಈ ಸಲ ಆಕೆ ಮನೆಯಲ್ಲಿದ್ದಾಗ. ಆವತ್ತು ಕದ್ದು ಎತ್ತಿಕೊಂಡು ಹೋದದ್ದನ್ನು ಹೇಳಿದೆ, ತಪ್ಪಾಯಿತು ಎಂದೆ. ಗೊತ್ತಿತ್ತು, ಹಿಮದ ಮೇಲೆ ನಿನ್ನ ಬೂಟಿನ ಗುರುತಿತ್ತು ಎಂದಳು. ಬಕೆಟ್ಟಿನ ಕಡೆ ನೋಡಿ ತಲೆಯಾಡಿಸಿದಳು. ಇನ್ನು ಯಾರಿಗೂ ಒತ್ತಿಕೊಡುವುದಿಲ್ಲ, ತನಗೆ ಬೇಕಾದಷ್ಟು ಮಾತ್ರ ಎಂದಳು. ಸಿಟ್ಟಿನಿಂದ ಹೇಳಲಿಲ್ಲ.

ಹಾಗಾಗಿ ನಾನೇ ಒಂದು ಪ್ರೆಸ್ಸು ಕೊಂಡು ಕಲಿಯುತ್ತಿದ್ದೇನೆ. ಮೊದಲ ದಿನ ಜಿಡ್ಡು ಸಾಲದೆ ಒಂದು ಕೊಳವೆ ಅಚ್ಚಿನಲ್ಲೇ ಕಚ್ಚಿಕೊಂಡಿತು, ಹಿಡಿ ಎಳೆದರೆ ಬುಡದ ಅಂಚು ಹರಿದು ಬಂತು. ಬೇಲಿಯ ಹತ್ತಿರ ಸಿಕ್ಕಾಗ ಆರ್ಡಿಸ್‌ಗೆ ಹೇಳಿದೆ. ಬುಡಕ್ಕೆ ತೂತು ಕೊರೆದು ಸ್ಕ್ರೂ ಹಾಕಿ ಎಳೆಯಬೇಕು ಎಂದು ನಿಧಾನವಾಗಿ, ಬಿಡಿಸಿ ಹೇಳಿದಳು. ಬಂದು ತೋರಿಸುತ್ತೇನೆ ಎನ್ನಲಿಲ್ಲ. ನಾನೂ ಕರೆಯಲಿಲ್ಲ.